ರಾತ್ರಿ ಬಂದವನು



ನಿಕೊದೇಮನು ಯೇಸುಸ್ವಾಮಿಯ ಬಳಿಗೆ ಬಂದದ್ದು ರಾತ್ರಿಯಲ್ಲಿ. ಹೊಸದಾಗಿ ಹುಟ್ಟಬೇಕೆಂಬ ಮಾತು ಆ ಪಂಡಿತನ ತಲೆಗೆ ಹತ್ತಲಿಲ್ಲ. ಯೋಹಾನನ ಸುವಾರ್ತೆಯ 3ನೇ ಅಧ್ಯಾಯ ಓದಿ ನಾವು ಪುಸ್ತಕ ಮುಚ್ಚುತ್ತೇವೆ. 7ನೇ ಅಧ್ಯಾಯಕ್ಕೂ ಬನ್ನಿ. ಹಿರಿಯರೆಲ್ಲ ಯೇಸುವಿನ ಮೇಲೆ ಕೂಗಾಡುತ್ತಿದ್ದಾಗ, ಮೊದಲು ಅವನ ಮಾತನ್ನೂ ಕೇಳಬೇಡವೇ ಎಂದವನು ಇದೇ ನಿಕೊದೇಮ. ಸಿಕ್ಕಿದ್ದು ಹಂಗಿನ ಮಾತು. ಹುಟ್ಟಿದ ಕೂಸು ಒಂದೇ ದಿನಕ್ಕೆ ನಡೆಯುವುದಿಲ್ಲವಷ್ಟೆ.

ಇನ್ನು ನಮ್ಮ ಸಂಗತಿ. 2019ರಲ್ಲಿ ಮಂಜೇಶ್ವರ ಕಡೆಯ ಒಂದು ಬೀಡಿ ಬ್ರಾಂಚಿನಲ್ಲಿ ವಿಧವೆ ಅಕ್ಕನೊಬ್ಬರ ಬೀಡಿ ಕಳಪೆಯೆಂದು ಎಸೆದು, ಅವರ ಕಾರ್ಡನ್ನೇ ಕಿತ್ತುಕೊಂಡರು. ಕೊಟ್ಟ ಎಲೆ ಹೇಗಿತ್ತೆಂದು ಯಾರೂ ಕೇಳಲಿಲ್ಲ. ಆಗ ಜಾರಿಯಲ್ಲಿದ್ದ 1966ರ ಬೀಡಿ ಕಾರ್ಮಿಕರ ಕಾನೂನಿನಂತೆ, ಆರು ತಿಂಗಳು ದುಡಿದವರನ್ನು ಸಕಾರಣವಿಲ್ಲದೆ, ಒಂದು ತಿಂಗಳ ನೋಟೀಸಾಗಲಿ ಸಂಬಳವಾಗಲಿ ಕೊಡದೆ ತೆಗೆಯುವಂತಿರಲಿಲ್ಲ. ನಮಗೆ ಗೊತ್ತಿತ್ತು. ಸಂಘದ ರಶೀದಿ ಪುಸ್ತಕ ನಮ್ಮ ಚೀಲದಲ್ಲೇ ಇತ್ತು. ನಮ್ಮ ಕಟ್ಟು ಪಾಸಾದರೆ ಸಾಕೆಂದು ನೆಲ ನೋಡುತ್ತಾ ನಿಂತೆವು. ಜ್ಞಾನಸ್ನಾನ ಪಡೆದವರೇ!

ಕತ್ತಲಾದ ಮೇಲೆ, ಯಾರೂ ಕಾಣದಂತೆ, ಅಕ್ಕನ ಮನೆಗೆ ಹೋದೆವು. ಅವರು ಬೈದರು. ಬೈಸಿಕೊಂಡೆವು. ಮರುವಾರ ನಾಲ್ವರು ಹಾಡುಹಗಲೇ ಅವರ ಜತೆ ಬ್ರಾಂಚಿನ ಮೆಟ್ಟಿಲು ಹತ್ತಿದೆವು, ಕಾಲು ನಡುಗುತ್ತಿತ್ತು. ಕಾರ್ಡು ಮರಳಲು ಮೂರು ತಿಂಗಳು ಹಿಡಿಯಿತು. ಅಷ್ಟರಲ್ಲಿ ನಮ್ಮಲ್ಲಿಬ್ಬರಿಗೆ ಎಲೆ ಕಡಿಮೆಯಾಯಿತು, ಅದನ್ನೂ ಹೇಳಿಬಿಡಬೇಕು.

19ನೇ ಅಧ್ಯಾಯದಲ್ಲಿ ಯೇಸುವಿನ ದೇಹವನ್ನು ಸಮಾಧಿ ಮಾಡಲು ನಿಕೊದೇಮನು ಮತ್ತೆ ಬರುತ್ತಾನೆ. ಅವನು ತಂದ ರಕ್ತಬೋಳ ಅಗರುಗಳ ತೂಕ ಇಂದಿನ ಲೆಕ್ಕದಲ್ಲಿ 30 ಕಿಲೊಗೂ ಮೇಲೆ. ಅಷ್ಟು ಹೊರೆಯನ್ನು ಬಟ್ಟೆಯಡಿ ಬಚ್ಚಿಟ್ಟು ತರಲಾಗದು.