ಅಂತರ್ಜಾಲದ ಆಟ ಮತ್ತು ಮಗುವಿನ ಖಾಸಗಿತನ



ಕಬಡ್ಡಿಯ ಕಣಕ್ಕಿಳಿಯುವ ಬಾಲಕನ ಜನ್ಮದಿನಾಂಕವನ್ನಾಗಲಿ ಮನೆಯ ವಿಳಾಸವನ್ನಾಗಲಿ ಯಾರೂ ಬರೆದಿಟ್ಟುಕೊಳ್ಳುವುದಿಲ್ಲ; ಎದುರು ಪಕ್ಷದಲ್ಲಿ ನಿಂತವರು ಯಾರೆಂಬುದು ಅವನಿಗೆ ಕಣ್ಣಾರೆ ಕಾಣುತ್ತದೆ. ಅಂತರ್ಜಾಲದ ಆಟದಲ್ಲಿ ಇವೆರಡೂ ತಲೆಕೆಳಗಾಗುತ್ತವೆ. ಆಟಗಾರನ ವಿವರಗಳು ಮೊದಲೇ ದಾಖಲಾಗುತ್ತವೆ. ಎದುರಾಳಿಯ ಮುಖ ಕೊನೆಯವರೆಗೂ ಮರೆಯಲ್ಲಿರುತ್ತದೆ.

ದಾಖಲಾದ ವಿವರಗಳು ಎಷ್ಟು ಭದ್ರ? 2011ರ ಏಪ್ರಿಲ್‌ನಲ್ಲಿ ಸೋನಿ ಸಂಸ್ಥೆಯ ಪ್ಲೇಸ್ಟೇಷನ್ ನೆಟ್‌ವರ್ಕ್‌ಗೆ ಕನ್ನ ಬಿದ್ದಿತು. ಸುಮಾರು 7.7 ಕೋಟಿ ಖಾತೆಗಳಿಗೆ ಸೇರಿದ ಹೆಸರು, ವಿಳಾಸ, ಜನ್ಮದಿನಾಂಕ, ಪಾಸ್‌ವರ್ಡ್ ಮೊದಲಾದವು ಅನ್ಯರ ಕೈಸೇರಿರಬಹುದೆಂದು ಸಂಸ್ಥೆಯೇ ತಿಳಿಸಿತು. ಸೇವೆ ಮೂರು ವಾರಗಳಿಗೂ ಹೆಚ್ಚು ಕಾಲ ಸ್ಥಗಿತಗೊಂಡಿತು. ಪಾಸ್‌ವರ್ಡನ್ನು ಬದಲಿಸಬಹುದು, ಹುಟ್ಟಿದ ದಿನವನ್ನು ಬದಲಿಸಲಾಗದು.

ಕಳ್ಳತನ ನಡೆಯದಿದ್ದರೂ ಅಪಾಯವುಂಟು. ಫೋರ್ಟ್‌ನೈಟ್ ಆಟವನ್ನು ನಿರ್ಮಿಸಿದ ಎಪಿಕ್ ಗೇಮ್ಸ್ ಸಂಸ್ಥೆಯು 13 ವರ್ಷದೊಳಗಿನ ಮಕ್ಕಳ ಮಾಹಿತಿಯನ್ನು ಹೆತ್ತವರ ಅನುಮತಿಯಿಲ್ಲದೆ ಸಂಗ್ರಹಿಸಿತೆಂದೂ, ಅಪರಿಚಿತರೊಡನೆ ಮಾತನಾಡುವ ಸೌಲಭ್ಯವನ್ನು ಮೊದಲಿನಿಂದಲೇ ತೆರೆದಿಟ್ಟಿತೆಂದೂ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಆರೋಪಿಸಿತು. 2022ರ ಡಿಸೆಂಬರ್‌ನಲ್ಲಿ ಸಂಸ್ಥೆ ಈ ಪ್ರಕರಣದಲ್ಲಿ 27.5 ಕೋಟಿ ಡಾಲರ್ ದಂಡಕ್ಕೆ ಒಪ್ಪಿತು. ಮಕ್ಕಳ ಖಾತೆಗಳಲ್ಲಿ ಸಂಭಾಷಣೆಯ ಸೌಲಭ್ಯವನ್ನು ಮೊದಲೇ ಮುಚ್ಚಿಡಬೇಕೆಂಬುದು ಆ ಒಪ್ಪಂದದ ಒಂದು ಕಟ್ಟಳೆ.

ಭಾರತದಲ್ಲಿ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು 18 ವರ್ಷ ತುಂಬದವರನ್ನು ಮಕ್ಕಳೆಂದು ಪರಿಗಣಿಸುತ್ತದೆ. ಅವರ ಮಾಹಿತಿಯ ಬಳಕೆಗೆ ಹೆತ್ತವರ ಸಮ್ಮತಿ ಬೇಕು. ಅವರನ್ನು ಗುರಿಯಾಗಿಸಿದ ಜಾಹೀರಾತಿಗೆ ನಿಷೇಧವಿದೆ. ಭಾಷಾ ಅಲ್ಪಸಂಖ್ಯಾತರಿಗೆ ಮುಖ್ಯವಾದ ಇನ್ನೊಂದು ಅಂಶ ಅದರಲ್ಲಿದೆ. ಸಮ್ಮತಿ ಕೇಳುವ ಸೂಚನೆಯನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೆಯ ಅನುಸೂಚಿಯ ಯಾವುದೇ ಭಾಷೆಯಲ್ಲಿ ಓದುವ ಆಯ್ಕೆ ಇರಬೇಕು. ಕನ್ನಡ ಆ ಭಾಷೆಗಳಲ್ಲೊಂದು. ರಾಜ್ಯದ ಗಡಿ ಈ ಹಕ್ಕನ್ನು ಕುಗ್ಗಿಸುವುದಿಲ್ಲ. ಕಾಯ್ದೆಯ ಕಟ್ಟಳೆಗಳು ಹಂತಹಂತವಾಗಿ ಜಾರಿಗೆ ಬರುವಂಥವು. ಆದ್ದರಿಂದ ಮಂಜೇಶ್ವರದ ಕನ್ನಡ ಶಾಲೆಯ ಮಗುವಿಗೆ ಆ ಸೂಚನೆಯ ಅರ್ಥವನ್ನು ಬಿಡಿಸಿ ಹೇಳುವ ಹೊಣೆ ಇಂದು ಅಧ್ಯಾಪಕರದೇ.

ತಂದೆಯ ಖಾತೆಯಿಂದ ಆಡುವ ಅಥವಾ ಹುಟ್ಟಿದ ವರ್ಷವನ್ನು ಸುಳ್ಳಾಗಿ ತುಂಬುವ ಮಗುವನ್ನು ಆಟದ ಯಂತ್ರವ್ಯವಸ್ಥೆ ವಯಸ್ಕನೆಂದೇ ಎಣಿಸುತ್ತದೆ; ಮಕ್ಕಳಿಗಿರುವ ರಕ್ಷಣೆ ಅದಕ್ಕೆ ದೊರೆಯುವುದಿಲ್ಲ. ಇದನ್ನು ತರಗತಿಯಲ್ಲಿ ಮೊದಲು ತಿಳಿಸಬೇಕು. ಆಟದ ಹೆಸರಿನಲ್ಲಿ ನಿಜನಾಮ, ಊರು, ಶಾಲೆ, ಜನ್ಮವರ್ಷ ಇರಕೂಡದು. ಅನಗತ್ಯವಾದಾಗ ಮೈಕ್ ಮತ್ತು ಸ್ಥಳಮಾಹಿತಿಯ ಅನುಮತಿಯನ್ನು ನಿರಾಕರಿಸಬೇಕು. ಉಚಿತ ನಾಣ್ಯ ಕೊಡುವೆವೆಂದು ಬರುವ ಕೊಂಡಿಗಳಲ್ಲಿ ಪಾಸ್‌ವರ್ಡನ್ನಾಗಲಿ ಓಟಿಪಿಯನ್ನಾಗಲಿ ತುಂಬಬಾರದು.

ಇವೆಲ್ಲಕ್ಕಿಂತ ಮಿಗಿಲಾದುದು ಮಗುವಿನ ಧೈರ್ಯ. ಅಪರಿಚಿತನೊಬ್ಬ ಚಿತ್ರ ಕೇಳಿದಾಗ, ಬೆದರಿಸಿದಾಗ, ಅನೇಕ ಮಕ್ಕಳು ಬಾಯಿಬಿಡುವುದಿಲ್ಲ. ಹೇಳಿದರೆ ಬೈಗುಳ ತಿನ್ನಬೇಕಾದೀತು, ಫೋನ್ ಕೈತಪ್ಪೀತು ಎಂಬ ಅಂಜಿಕೆ. ಬೆದರಿಸುವವನ ಬಲವಿರುವುದು ಆ ಮೌನದಲ್ಲಿಯೇ. ಹೇಳಿಕೊಂಡ ಮಗುವಿಗೆ ಶಿಕ್ಷೆಯಿಲ್ಲವೆಂಬ ಭರವಸೆಯನ್ನು ರಕ್ಷಕ-ಶಿಕ್ಷಕ ಸಂಘದ ಸಭೆಯಲ್ಲಿ ಹೆತ್ತವರಿಂದಲೂ ಪಡೆಯಬೇಕು. ಸಂದೇಶಗಳನ್ನು ಅಳಿಸದೆ ಉಳಿಸಿಕೊಂಡು, ಹಣ ಹೋಗಿದ್ದರೆ 1930ಕ್ಕೂ, ಮಗು ಸಂಕಟದಲ್ಲಿದ್ದರೆ 1098ಕ್ಕೂ ಕೂಡಲೇ ಕರೆ ಮಾಡಬೇಕು. ಈ ಎರಡು ಸಂಖ್ಯೆಗಳು ಪ್ರತಿ ತರಗತಿಯ ಗೋಡೆಯ ಮೇಲೆ ಕನ್ನಡದಲ್ಲಿ ಬರೆದಿರಲಿ.