ಗರ ಬಿದ್ದಂತೆ ಬಣ್ಣ

1960ರಲ್ಲಿ ಫ್ರಾನ್ಸಿನ ಕಲಾವಿದ ಫ್ರಾಂಸ್ವಾ ಮೊರೆಲ್ಲೆ ಚಿತ್ರ ಬರೆಯಲು ಟೆಲಿಫೋನ್ ಡೈರೆಕ್ಟರಿ ತೆರೆದು ಕೂತರು. ಮೀಟರಿಗಿಂತ ತುಸು ಅಗಲವಾದ ಚೌಕ ಕ್ಯಾನ್ವಾಸು. ಅಡ್ಡಕ್ಕೆ 200, ಉದ್ದಕ್ಕೆ 200, ಒಟ್ಟು 40,000 ಮನೆ. ಮನೆಮಂದಿ ಡೈರೆಕ್ಟರಿಯ ಅಂಕಿಗಳನ್ನು ಓದಿ ಹೇಳುತ್ತ ಹೋದರು. ಅಂಕಿ ಸಮವೋ ಬೆಸವೋ ನೋಡಿ ಆ ಮನೆಗೆ ಕೆಂಪು ಇಲ್ಲವೇ ನೀಲಿ. ಮುಗಿದ ಚಿತ್ರದ ಮೇಲೆ ಕಣ್ಣು ಒಂದು ಗಳಿಗೆಯೂ ನೆಲೆ ನಿಲ್ಲುವುದಿಲ್ಲ. ಅಲ್ಲಿ ಯಾವ ಆಕಾರವೂ ಇಲ್ಲ. ಆದರೆ ನೋಡುವವರಿಗೆ ಏನಾದರೊಂದು ಕಂಡೇ ಕಾಣುತ್ತದೆ.

ಹಾಗಾದರೆ ಮೊರೆಲ್ಲೆ ಮಾಡಿದ್ದೇನು? ಒಂದೊಂದು ಮನೆಯ ಬಣ್ಣವನ್ನು ಅವರು ನಿರ್ಧರಿಸಲಿಲ್ಲ, ನಿಜ. ಮನೆ ಎಷ್ಟು, ಬಣ್ಣ ಎಷ್ಟು, ಅಂಕಿ ಎಲ್ಲಿಂದ ಎಂಬುದೆಲ್ಲ ಅವರದೇ ತೀರ್ಮಾನ. ಜರ್ಮನಿಯ ಗೆರ್ಹಾರ್ಡ್ ರಿಕ್ಟರ್ 2007ರಲ್ಲಿ ಕಲೋನ್ ಕೆಥೆಡ್ರಲ್ಲಿನ ದೊಡ್ಡ ಕಿಟಕಿಗೆ ಹೀಗೇ ಮಾಡಿದರು. 72 ಬಣ್ಣ, 11,000ಕ್ಕೂ ಹೆಚ್ಚು ಗಾಜಿನ ಚೌಕ. ಯಾವ ಬಣ್ಣ ಎಲ್ಲಿಗೆ ಎಂಬುದು ಕಂಪ್ಯೂಟರಿನ ಪಾಲಿಗೆ. ಆದರೆ ಪೂರ್ತಿ ಬಿಟ್ಟುಕೊಡಲಿಲ್ಲ. ಕಿಟಕಿಯ ಕೆಲವು ಪಟ್ಟಿಗಳು ಬೇರೆ ಪಟ್ಟಿಗಳ ಕನ್ನಡಿ ಬಿಂಬ. ಇಂಥ ಕಿಟಕಿ ಮಸೀದಿಗೆ ಹೆಚ್ಚು ಒಪ್ಪುತ್ತದೆಂದು ಅಲ್ಲಿನ ಕಾರ್ಡಿನಲ್ ಮೈಸ್ನರ್ ಕೊಸರಾಡಿದರು. ಊರವರು, ಪ್ರವಾಸಿಗಳು ಮಾತ್ರ ಕತ್ತೆತ್ತಿ ನೋಡುತ್ತಲೇ ಇದ್ದಾರೆ.

ಇದೆಲ್ಲ ಪರದೇಶದ ಹುಚ್ಚಾಟ ಎನ್ನುವ ಮೊದಲು ತುಮಕೂರಿನ ಹೊಸಿಲು ನೋಡಬೇಕು. ರಂಗೋಲಿ ಪುಸ್ತಕದಲ್ಲಿ "13ರಿಂದ 7, ಸಂದು ಚುಕ್ಕಿ" ಎಂದು ಅಚ್ಚಾಗಿದ್ದರೆ ಬಲ್ಲವರಿಗೆ ಅಷ್ಟೇ ಸಾಕು. ನಡುವೆ 13 ಚುಕ್ಕಿ, ಮೇಲೂ ಕೆಳಗೂ ಸಾಲಿಗೊಂದು ಕಡಿಮೆಯಾಗುತ್ತ 7ಕ್ಕೆ ನಿಂತರೆ ಒಟ್ಟು 127 ಚುಕ್ಕಿ. ಅಲ್ಗಾರಿದಮ್ ಎಂದರೆ ಇದೇ: ಯಾರು ಪಾಲಿಸಿದರೂ ಒಂದೇ ಫಲ ಕೊಡುವ ಕ್ರಮ. ಮದ್ರಾಸಿನಲ್ಲಿ ಗಿಫ್ಟ್ ಸಿರೊಮನಿ ಮತ್ತು ಸಂಗಡಿಗರು 1974ರಲ್ಲೇ ತಮಿಳರ ರಂಗೋಲಿಯಾದ ಕೋಲಂನ ರಚನೆಯನ್ನು ಗಣಕ ವ್ಯಾಕರಣಕ್ಕೆ ಅಳವಡಿಸಿ ಪ್ರಬಂಧ ಬರೆದಿದ್ದರು.

ರಂಗೋಲಿಯಲ್ಲಿ ಇಲ್ಲದ್ದು ಆಕಸ್ಮಿಕ. ಅದು ಜಗಲಿಯ ಮೇಲೆ ಆಡುವ ಚೌಕಾಬಾರದಲ್ಲಿ ಧಾರಾಳವಾಗಿದೆ. ಕವಡೆ ಇಲ್ಲದವರು ಹುಣಿಸೆ ಬೀಜವನ್ನು ಕಲ್ಲಿಗೆ ತೇಯ್ದು ಒಂದು ಮಗ್ಗುಲು ಬಿಳಿ ಮಾಡಿಕೊಳ್ಳುತ್ತಾರೆ. ತುಮಕೂರು ಸೀಮೆಯಲ್ಲಿ ಹುಣಿಸೆಗೇನು ಬರ! ನಾಲ್ಕು ಬೀಜ ಎಸೆದರೆ ಬಿಳಿ ಬೀಳುವ ಬಗೆ ಐದು: ಒಂದೂ ಇಲ್ಲ, ಒಂದು, ಎರಡು, ಮೂರು, ನಾಲ್ಕು. ಎರಡೂ ಮಗ್ಗುಲಿಗೆ ಸಮ ಅವಕಾಶವಿದೆ ಎಂದುಕೊಂಡರೆ, 16 ಸಾಧ್ಯತೆಗಳಲ್ಲಿ ಇವುಗಳ ಪಾಲು ಕ್ರಮವಾಗಿ 1, 4, 6, 4, 1. ನಾಲ್ಕೂ ಬಿಳಿಯಾದ ಚೌಕ, ಒಂದೂ ಬಿಳಿಯಿಲ್ಲದ ಬಾರ ಎರಡೂ ಅಪರೂಪಕ್ಕೆ ಬೀಳುವುದು ಇದಕ್ಕೇ.

ಈಗ ಐದು ಗರಕ್ಕೆ ಐದು ಬಣ್ಣ ಹಂಚಿ, ಅಡ್ಡಕ್ಕೆ 16, ಉದ್ದಕ್ಕೆ 16 ಮನೆಯ ಹಾಳೆ ಹಿಡಿಯಿರಿ. 256 ಮನೆಗಳಲ್ಲಿ ಎರಡು ಬಿಳಿಯ ಬಣ್ಣ ಸುಮಾರು 96, ಅದರ ಅಕ್ಕಪಕ್ಕದವು 64ರ ಆಸುಪಾಸು, ಚೌಕ ಮತ್ತು ಬಾರದ ಬಣ್ಣ ತಲಾ 16ರಷ್ಟು. ನಡುವಿನ ಗರಕ್ಕೆ ಬೂದಿ ಬಣ್ಣ ಕೊಟ್ಟು ಚೌಕಕ್ಕೆ ಕುಂಕುಮದ ಕೆಂಪು ಇಟ್ಟರೆ ತಣ್ಣಗಿನ ಹಾಳೆಯಲ್ಲಿ ಅಲ್ಲೊಂದು ಇಲ್ಲೊಂದು ಕಿಡಿ. ಅದಲು ಬದಲು ಮಾಡಿದರೆ ಹಾಳೆಯೆಲ್ಲ ಉರಿ. ಬೀಜಗಳು ಬಿದ್ದದ್ದು ಹಾಗೆಯೇ ಇದೆ. ಬದಲಾದದ್ದು ಹಂಚಿಕೆ ಮಾತ್ರ. ಕಲಾವಿದನ ಕೈಚಳಕ ಇರುವುದೇ ಆ ಹಂಚಿಕೆಯಲ್ಲಿ. ಕವಡೆ ಹಿಡಿದರೆ ಲೆಕ್ಕ ಇನ್ನೂ ಓರೆಯಾಗಬಹುದು. ಅದರ ಉಬ್ಬು ಬೆನ್ನು ಎರಡೂ ಮಗ್ಗುಲಿಗೆ ಸಮನಾಗಿ ಬೀಳಲೇಬೇಕೆಂಬ ಹಟ ಇಟ್ಟುಕೊಂಡಿಲ್ಲ.

ಹಂಚಿಕೆ ಮನುಷ್ಯನದು, ಗರ ಆಕಸ್ಮಿಕದ್ದು ಎಂಬ ಮಾತು ಕುಣಿಗಲ್ಲಿನ ಕುದುರೆ ಫಾರಂ ನೋಡಿದವರಿಗೆ ಹೊಸದಲ್ಲ. ಚೆಸ್ಟ್‌ನಟ್, ಅಂದರೆ ಕೆಂಗಂದು ಬಣ್ಣದ ಎರಡು ಕುದುರೆಗಳಿಗೆ ಹುಟ್ಟುವ ಮರಿ ಚೆಸ್ಟ್‌ನಟ್ಟೇ. ಕಂದು ಮೈ, ಕರಿ ಜೂಲಿನ ಬೇ ಬಣ್ಣದ ಜೋಡಿಯಲ್ಲಿ ಎರಡೂ ಆ ಗುಣವನ್ನು ಒಳಗೆ ಅಡಗಿಸಿಕೊಂಡಿದ್ದರೆ ನಾಲ್ಕರಲ್ಲಿ ಒಂದು ಪಾಲು ಚೆಸ್ಟ್‌ನಟ್ ಮರಿಯ ಸಾಧ್ಯತೆ. ಜೋಡಿ ಕಟ್ಟುವುದು ಮನುಷ್ಯನ ಲೆಕ್ಕ, ಬಣ್ಣ ಬೀಳುವುದು ಗರ.

ಆಕಸ್ಮಿಕ ಎಷ್ಟಿರಬೇಕು ಎಂಬ ಪ್ರಶ್ನೆಯನ್ನು ವೇರಾ ಮೋಲ್ನಾರ್ ಅವರಷ್ಟು ತಾಳ್ಮೆಯಿಂದ ಕೆದಕಿದವರು ಕಡಿಮೆ. 1924ರಲ್ಲಿ ಬುಡಾಪೆಸ್ಟಿನಲ್ಲಿ ಹುಟ್ಟಿ ಪ್ಯಾರಿಸ್ಸಿನಲ್ಲಿ ನೆಲೆಸಿದ ಆಕೆ, ಕಂಪ್ಯೂಟರ್ ಕೈಗೆ ಸಿಗುವ ಮುನ್ನವೇ ನಿಯಮ ಬರೆದಿಟ್ಟು ತಾನೇ ಯಂತ್ರದಂತೆ ಪಾಲಿಸುತ್ತಿದ್ದರು. 1968ರಲ್ಲಿ ನಿಜವಾದ ಯಂತ್ರ ಸಿಕ್ಕಿತು. ಅಚ್ಚುಕಟ್ಟಾದ ಚೌಕಗಳ ಸಾಲಿಗೆ ಶೇ. 1ರಷ್ಟು ಅಸ್ತವ್ಯಸ್ತ ಬೆರೆಸುವುದು ಅವರ ಪ್ರಸಿದ್ಧ ಪಾಕ. ಅಷ್ಟಕ್ಕೇ ಚೌಕಗಳು ನಡುಗತೊಡಗುತ್ತವೆ. ಹೆಚ್ಚಿದರೆ ಬರೀ ಗಲಿಬಿಲಿ.

ಕಂಪ್ಯೂಟರಿನ ಆಕಸ್ಮಿಕವನ್ನು ಪೂರ್ತಿ ನಂಬುವಂತಿಲ್ಲ ಎಂಬುದನ್ನೂ ಹೇಳಬೇಕು. ಸಾಮಾನ್ಯ ಪ್ರೋಗ್ರಾಮಿನಲ್ಲಿ ಬರುವ ಅಂಕಿಗಳು ಒಂದು ಸೂತ್ರದ ಸಂತಾನ. ಆರಂಭದ ಸಂಖ್ಯೆ ಅದೇ ಕೊಟ್ಟರೆ ಸಾಲು ಅದೇ ಬರುತ್ತದೆ. ಮಹಾಭಾರತದ ಶಕುನಿಯ ದಾಳವೂ ಇದೇ ಜಾತಿಯದು, ನೋಡುವವರಿಗೆ ಜೂಜು, ಎಸೆಯುವವನಿಗೆ ಗೊತ್ತಿದ್ದದ್ದೇ. ಚಿತ್ರಕಾರರಿಗೆ ಇದು ದೋಷವಲ್ಲ, ಅನುಕೂಲ. ಮೆಚ್ಚಿದ ಚಿತ್ರವನ್ನು ಅದೇ ಸಂಖ್ಯೆಯಿಂದ ಮತ್ತೆ ತೆಗೆಯಬಹುದು.

ಬೆಂಗಳೂರಿನ ಹರ್ಷಿತ್ ಅಗ್ರವಾಲ್ 2018ರಲ್ಲಿ ದೆಹಲಿಯ ನೇಚರ್ ಮೋರ್ಟ್ ಗ್ಯಾಲರಿಯ 'ಗ್ರೇಡಿಯಂಟ್ ಡಿಸೆಂಟ್' ಪ್ರದರ್ಶನದಲ್ಲಿ ಇಟ್ಟ 'ದಿ ಅನಾಟಮಿ ಲೆಸನ್ ಆಫ್ ಡಾ. ಅಲ್ಗಾರಿದಮ್' ಈ ದಾರಿಯ ಹೊಸ ತಿರುವು. ಹೆಸರು ರೆಂಬ್ರಾಂಟ್ 1632ರಲ್ಲಿ ಬರೆದ ಶವಛೇದನದ ಚಿತ್ರವನ್ನು ನೆನಪಿಸುತ್ತದೆ. ಅಗ್ರವಾಲ್ ಯಂತ್ರಕ್ಕೆ ಶಸ್ತ್ರಕ್ರಿಯೆಯ ಚಿತ್ರಗಳನ್ನು ತೋರಿಸಿ ಪಳಗಿಸಿದರು. ಇಂಥ ಯಂತ್ರ ಯಾದೃಚ್ಛಿಕ ಅಂಕಿಗಳ ಸಾಲಿನಿಂದ ಹೊರಟು ತಾನು ಕಲಿತದ್ದರ ಹೋಲಿಕೆಯನ್ನು ಕಟ್ಟುತ್ತದೆ. ಹೊರಬಿದ್ದದ್ದು ಮಾಂಸದ ಕೆಂಪು ಛಾಯೆಯ, ಅಂಗ ಯಾವುದೆಂದು ಗುರುತು ಸಿಗದ ಅಮೂರ್ತ ರೂಪಗಳು. ಇಲ್ಲಿ ನಿಯಮವನ್ನೂ ಕಲಾವಿದ ಬರೆದಿಲ್ಲ, ಯಂತ್ರವೇ ಚಿತ್ರಗಳಿಂದ ಹೆಕ್ಕಿಕೊಂಡಿದೆ. ಹೂವಿನ ಬದಲು ಸೀಳಿದ ದೇಹವನ್ನು ಅದರ ಮುಂದಿಟ್ಟದ್ದು ಮಾತ್ರ ಅಗ್ರವಾಲ್.