ನಾವು ಭಾವಿಸುವ ದೇವರು, ನಾವು ಕಟ್ಟುವ ಸಮಾಜ

(ಶ್ರೀ ಗುರುರಾಯರ ಆರಾಧನಾ ಮಹೋತ್ಸವದ ಅಂಗವಾಗಿ ಶಾಖಾಮಠದಲ್ಲಿ ಮಾಡಿದ ಉಪನ್ಯಾಸದ ಲಿಖಿತ ರೂಪ)



ಈ ವೇದಿಕೆಯಿಂದ ಶಾಸ್ತ್ರವನ್ನು ಗುರುಮುಖದಿಂದ ಅಧ್ಯಯನ ಮಾಡಿದ ಪಂಡಿತರು ಮಾತನಾಡುವುದು ವಾಡಿಕೆ. ನಾನಾದರೋ ಡಿಪ್ಲೊಮಾ ಮುಗಿಸಿ ರೈಲ್ವೆ ಸೇರಿ, ಸೇವಾವಧಿಯ ಬಹುಭಾಗವನ್ನು ಸೊಲ್ಲಾಪುರ ವಿಭಾಗದ ಹಳಿಗಳ ಮೇಲೆ ಕಳೆದು ನಿವೃತ್ತನಾದವನು. ಆದುದರಿಂದ ಸಿದ್ಧಾಂತದ ಸೂಕ್ಷ್ಮಗಳನ್ನು ಬಲ್ಲವರಿಗೆ ಬಿಟ್ಟು, ಕಣ್ಣಿಗೆ ಕಾಣುವ ಒಂದು ಕ್ಷೇತ್ರದ ಉದಾಹರಣೆಯ ಮೂಲಕ ನನ್ನ ಅಲ್ಪಮತಿಗೆ ತೋಚಿದ್ದನ್ನು ನಿವೇದಿಸುತ್ತೇನೆ. ಮನುಷ್ಯನು ದೇವರನ್ನು ಹೇಗೆ ಭಾವಿಸುತ್ತಾನೆ, ಆ ಭಾವನೆ ಅವನ ಸಮಾಜವನ್ನು ಹೇಗೆ ರೂಪಿಸುತ್ತದೆ ಎಂಬುದು ವಿಷಯ. ಕ್ಷೇತ್ರವು ನಮಗೆಲ್ಲರಿಗೂ ಪ್ರಿಯವಾದ ಪಂಢರಪುರ.

ಮೊದಲಿಗೆ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ದೇವರು ನಮ್ಮ ಭಾವನೆಯಿಂದ ಹುಟ್ಟಿದವನಲ್ಲ. ಶ್ರೀಮದಾಚಾರ್ಯರು ‘ತತ್ತ್ವಸಂಖ್ಯಾನ’ದ ಆರಂಭದಲ್ಲಿಯೇ ತತ್ತ್ವವನ್ನು ಸ್ವತಂತ್ರ, ಅಸ್ವತಂತ್ರ ಎಂದು ಎರಡಾಗಿ ವಿಂಗಡಿಸಿ, ಭಗವಾನ್ ವಿಷ್ಣುವೊಬ್ಬನೇ ಸ್ವತಂತ್ರನೆಂದು ನಿರ್ಣಯಿಸಿದ್ದಾರೆ. ನಾವು ಹೇಗೆ ಎಣಿಸಿದರೂ ಅವನ ಸ್ವರೂಪಕ್ಕೆ ಕೊರತೆಯೂ ಇಲ್ಲ, ಹೆಚ್ಚಳವೂ ಇಲ್ಲ. ನನ್ನ ವೃತ್ತಿಯ ಭಾಷೆಯಲ್ಲಿ ಹೇಳುವುದಾದರೆ, ನಕ್ಷೆಯಲ್ಲಿ ನದಿಯ ಅಗಲವನ್ನು ತಪ್ಪಾಗಿ ಬರೆದರೆ ನದಿಗೇನೂ ಆಗದು. ಆ ನಕ್ಷೆಯನ್ನು ನಂಬಿ ಕಟ್ಟಿದ ಸೇತುವೆ ಮಾತ್ರ ಉಳಿಯದು. ದೇವರ ಬಗೆಗಿನ ನಮ್ಮ ಭಾವನೆಯೇ ನಕ್ಷೆ. ಅದನ್ನು ನೋಡಿ ಕಟ್ಟುವ ಸೇತುವೆಯೇ ಸಮಾಜ.

ಮನುಷ್ಯನು ತಾನು ಕಂಡ ಸಂಬಂಧಗಳ ಮೂಲಕವೇ ಕಾಣದ ದೇವರನ್ನು ಅರಿಯಲು ಯತ್ನಿಸುತ್ತಾನೆ. ಅರಸರ ಕಾಲದಲ್ಲಿ ದೇವರು ಅರಸನಾದ. ದೇವಾಲಯ ಅರಮನೆಯಾಯಿತು, ಸುಪ್ರಭಾತದಿಂದ ಶಯನೋತ್ಸವದವರೆಗೆ ರಾಜೋಪಚಾರ ಬೆಳೆಯಿತು. ಇದರಿಂದ ಸಂಗೀತ, ಶಿಲ್ಪ, ನೃತ್ಯಗಳು ಅರಳಿದವೆಂಬುದು ನಿಜ. ಆದರೆ ಅರಮನೆಯೆಂದ ಮೇಲೆ ದ್ವಾರಪಾಲಕರು ಇರಲೇಬೇಕು. ಯಾರು ಎಲ್ಲಿಯವರೆಗೆ ಬರಬಹುದೆಂಬ ಗೆರೆಯೂ ಬೇಕು. ಕೆಲವರು ದೇವರನ್ನು ನ್ಯಾಯಾಧೀಶನೆಂದು ಭಾವಿಸಿದರು. ಅಲ್ಲಿ ಭಯ ಮುಖ್ಯವಾಯಿತು; ಭಯದಿಂದ ಕೆಟ್ಟದ್ದನ್ನು ಬಿಟ್ಟವರೂ ಉಂಟು, ಪರರ ಕಷ್ಟವನ್ನು ಕಂಡು ‘ಅವರ ಕರ್ಮ’ ಎಂದು ಮುಖ ತಿರುಗಿಸಿದವರೂ ಉಂಟು. ಇಂದಿನ ದಿನಗಳಲ್ಲಂತೂ ಅನೇಕರಿಗೆ ದೇವರು ದೊಡ್ಡ ಕಚೇರಿಯ ಅಧಿಕಾರಿ. ಮಗನಿಗೆ ಸೀಟು ಸಿಕ್ಕಿದರೆ ಇಷ್ಟು, ವೀಸಾ ದೊರೆತರೆ ಇಷ್ಟು ಎಂದು ಹರಕೆ ಗೊತ್ತುಮಾಡುತ್ತೇವೆ. ದೇವರಿಗೇ ಲಂಚ ಒಪ್ಪಿತವೆಂದು ಮನಸ್ಸಿನಲ್ಲಿ ನಂಬಿದವನಿಗೆ, ಕಚೇರಿಯಲ್ಲಿ ಅದನ್ನು ಕೊಡುವಾಗ ಕೈ ನಡುಗುವುದಾದರೂ ಹೇಗೆ?

ಇನ್ನು ಪಂಢರಪುರಕ್ಕೆ ಬರೋಣ. ಭೀಮಾನದಿ ಅಲ್ಲಿ ಅರ್ಧಚಂದ್ರಾಕಾರವಾಗಿ ತಿರುಗಿ ಚಂದ್ರಭಾಗೆ ಎನಿಸುತ್ತಾಳೆ. ಮುಂದೆ ಹರಿದು ನಮ್ಮ ವಿಜಯಪುರ, ಕಲಬುರಗಿ ಜಿಲ್ಲೆಗಳ ನೆಲವನ್ನು ತಣಿಸುತ್ತಾಳೆ. ಆ ದಂಡೆಯ ವಿಠ್ಠಲನ ಭಂಗಿಯನ್ನು ನೆನೆಯಿರಿ. ಎತ್ತಿದ ಆಯುಧವಿಲ್ಲ, ಸಿಂಹಾಸನವಿಲ್ಲ. ಸೊಂಟದ ಮೇಲೆ ಕೈಯಿಟ್ಟು, ಒಂದು ಇಟ್ಟಿಗೆಯ ಮೇಲೆ ನಿಂತಿದ್ದಾನೆ. ಪುಂಡಲೀಕನು ತಂದೆತಾಯಿಗಳ ಸೇವೆಯಲ್ಲಿದ್ದಾಗ ಬಂದ ಸ್ವಾಮಿಗೆ, ಸ್ವಲ್ಪ ಕಾಯಬೇಕೆಂದು ಇಟ್ಟಿಗೆಯನ್ನು ಸರಿಸಿದನಂತೆ. ಸ್ವಾಮಿ ಅಂದಿನಿಂದ ಕಾಯುತ್ತಲೇ ಇದ್ದಾನೆ. ಭಕ್ತನು ದೇವರ ಬಾಗಿಲಲ್ಲಿ ಕಾಯುವುದು ಎಲ್ಲೆಡೆಯ ರೂಢಿ. ಇಲ್ಲಿ ದೇವರೇ ಭಕ್ತನ ಬಾಗಿಲಲ್ಲಿ ಕಾಯುತ್ತಾನೆ, ಅದೂ ಮಾತಾಪಿತೃಸೇವೆಗೆ ಮನ್ನಣೆಯಿತ್ತು.

ಈ ಒಂದು ಭಾವನೆ ಎಂತಹ ಸಮಾಜವನ್ನು ಕಟ್ಟಿತು ನೋಡಿ. ಸಂತ ಜ್ಞಾನೇಶ್ವರರು 1290ರಲ್ಲಿ ಗೀತೆಯ ಅರ್ಥವನ್ನು ಜನರ ನುಡಿಯಾದ ಮರಾಠಿಯಲ್ಲಿ ವಿವರಿಸಿದರು. ನಾಮದೇವರು ಸಿಂಪಿಗರು, ಗೋರಾ ಕುಂಬಾರರು, ಸಾವತಾ ತೋಟದ ಮಾಳಿ, ಸೇನಾ ಕ್ಷೌರಿಕರು, ಜನಾಬಾಯಿ ಮನೆಗೆಲಸದ ಹೆಣ್ಣುಮಗಳು, ಚೋಖಾಮೇಳರು ಮಹಾರ ಕುಲದವರು. ಇವರ ದೇವರು ದೂರದಲ್ಲಿ ಕುಳಿತವನಲ್ಲ. ಜನಾಬಾಯಿಯ ಜೊತೆ ಕೂತು ಬೀಸುವ ಕಲ್ಲು ತಿರುಗಿಸಿದನೆಂದು ಆ ಜನ ಇಂದಿಗೂ ಹೇಳುತ್ತಾರೆ. ದೇವರೇ ಬೀಸುವ ಕಲ್ಲಿಗೆ ಕೈಹಚ್ಚಿದ ಮೇಲೆ ಯಾವ ಕಾಯಕ ಕೀಳು? ಆಷಾಢ ಏಕಾದಶಿಗಾಗಿ ಆಳಂದಿಯಿಂದ, ದೇಹುವಿನಿಂದ ಇನ್ನೂರು ಕಿಲೋಮೀಟರಿಗೂ ಮಿಗಿಲಾದ ದಾರಿಯನ್ನು ನಡೆದುಬರುವ ವಾರಕರಿಗಳು ಪರಸ್ಪರ ‘ಮಾವುಲಿ’, ಅಂದರೆ ತಾಯಿ, ಎಂದು ಕರೆದುಕೊಳ್ಳುತ್ತಾರೆ; ಒಬ್ಬರ ಕಾಲಿಗೆ ಇನ್ನೊಬ್ಬರು ಎರಗುತ್ತಾರೆ. ವಿಠ್ಠಲನನ್ನು ತಾಯಿಯೆಂದು ಭಾವಿಸಿದ ಫಲವಿದು.

ಕನ್ನಡಿಗರಿಗಂತೂ ಈತ ಮನೆಯ ದೇವರೇ. ಜ್ಞಾನೇಶ್ವರರೇ ವಿಠ್ಠಲನನ್ನು ಕನ್ನಡಿಗನೆಂದು ವರ್ಣಿಸಿದ್ದಾರೆ. ಪುರಂದರ ವಿಠ್ಠಲ, ವಿಜಯ ವಿಠ್ಠಲ, ಗೋಪಾಲ ವಿಠ್ಠಲ, ಜಗನ್ನಾಥ ವಿಠ್ಠಲ ಎಂದು ನಮ್ಮ ದಾಸವರೇಣ್ಯರ ಅಂಕಿತಗಳಲ್ಲಿ ಅವನೇ ನೆಲೆಸಿದ್ದಾನೆ. ಎರಡು ನುಡಿಗಳ ಜನ ಒಂದೇ ದೇವರನ್ನು ತಮ್ಮವನೆಂದು ಹಾಡುವುದು ಪರನಾಡಿನಲ್ಲಿ ನೆಲೆಸಿರುವ ನಮಗೆ ದೊಡ್ಡ ಆಸರೆ.

ರೈಲಿನವನಾದ್ದರಿಂದ ಇನ್ನೊಂದನ್ನು ಹೇಳದಿರಲಾರೆ. ಬಾರ್ಸಿ ಲೈಟ್ ರೈಲ್ವೆಯವರು 1906ರಲ್ಲಿ ಕುರ್ಡುವಾಡಿಯಿಂದ ಪಂಢರಪುರಕ್ಕೆ ಎರಡೂವರೆ ಅಡಿ ಅಗಲದ ಹಳಿ ಹಾಕಿದರು. ನಾನು ಕೆಲಸಕ್ಕೆ ಸೇರಿದಾಗಲೂ ಅದು ನ್ಯಾರೋ ಗೇಜ್ ಆಗಿಯೇ ಇತ್ತು. ಈಗ ಬ್ರಾಡ್ ಗೇಜ್ ಆಗಿದೆ. ಆಷಾಢದಲ್ಲಿ ಆ ಪುಟ್ಟ ಡಬ್ಬಿಗಳಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ಯಾರ ಬುತ್ತಿಯ ರೊಟ್ಟಿ ಯಾರ ಕೈಗೆ ಹೋಯಿತು, ಯಾರ ಮಗು ಯಾರ ತೊಡೆಯ ಮೇಲೆ ನಿದ್ದೆಹೋಯಿತು ಎಂದು ಕೇಳುವವರಿರಲಿಲ್ಲ. ಟಿಕೆಟ್ಟಿನಲ್ಲಿ ಊರಿನ ಹೆಸರಿತ್ತೇ ಹೊರತು ಕುಲದ ಹೆಸರಿರಲಿಲ್ಲ.

ಇಷ್ಟೆಲ್ಲ ಇದ್ದೂ, ಮಹನೀಯರೆ, ನಾವು ನಿಂತು ಯೋಚಿಸಬೇಕಾದ ಸ್ಥಳವೊಂದಿದೆ. ಪಂಢರಪುರದ ಮಹಾದ್ವಾರದಲ್ಲಿ ನಾಮದೇವರ ಹೆಸರಿನ ಮೆಟ್ಟಿಲಿದೆ. ಅದರ ಎದುರಿಗೆ, ಗುಡಿಯ ಹೊರಗೆ, ಚೋಖಾಮೇಳರ ಸಮಾಧಿಯಿದೆ. ಮಂಗಳವೇಢೆಯಲ್ಲಿ ಗೋಡೆ ಕಟ್ಟುವ ಕೆಲಸದಲ್ಲಿದ್ದಾಗ ಗೋಡೆ ಕುಸಿದು ಅವರು ತೀರಿಕೊಂಡರೆಂದೂ, ನಾಮದೇವರು ಅಸ್ಥಿಗಳನ್ನು ತಂದು ಅಲ್ಲಿ ನೆಲೆಗೊಳಿಸಿದರೆಂದೂ ಪರಂಪರೆ ಹೇಳುತ್ತದೆ. ಬದುಕಿದ್ದಾಗ ಅವರಿಗೆ ಒಳಗೆ ಪ್ರವೇಶವಿರಲಿಲ್ಲ. ಅವರ ಅಭಂಗಗಳು ಒಳಗೆ ಹೋದವು, ಅವರು ಹೊರಗೆ ಉಳಿದರು. ಅವರ ಕುಲದವರಿಗೆ ಆ ಬಾಗಿಲು ತೆರೆಯಲು ಆರು ಶತಮಾನಗಳು ಬೇಕಾದವು. ‘ಶ್ಯಾಮಚಿ ಆಯಿ’ ಬರೆದ ಸಾನೆ ಗುರೂಜಿಯವರು ಊರೂರು ಸುತ್ತಿ ಜನಮತವನ್ನು ಎಚ್ಚರಿಸಿ, 1947ರ ಮೇ ತಿಂಗಳಲ್ಲಿ ಪಂಢರಪುರದಲ್ಲಿ ಹತ್ತು ದಿನ ಉಪವಾಸ ಮಾಡಿದ ಮೇಲೆ ಗುಡಿಯ ಬಾಗಿಲು ಹರಿಜನರಿಗೆ ತೆರೆಯಿತು. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 17ನೆಯ ವಿಧಿ ಅಸ್ಪೃಶ್ಯತೆಯನ್ನೇ ರದ್ದುಗೊಳಿಸಿತು.

ಹೀಗೇಕಾಯಿತು? ನನಗೆ ಹೊಳೆಯುವುದಿಷ್ಟು. ಒಂದೇ ಗುಡಿಯಲ್ಲಿ ದೇವರ ಎರಡು ಭಾವನೆಗಳು ಒಟ್ಟಿಗೆ ಬಾಳಿದವು. ಹಾಡಿನಲ್ಲಿ ಅವನು ತಾಯಿ. ಬಾಗಿಲಲ್ಲಿ ಅವನು ಅರಸ. ತಾಯಿಯ ಭಾವನೆ ನಾಲಿಗೆಯ ಮೇಲಿತ್ತು. ಅರಸನ ಭಾವನೆ ಕಲ್ಲಿನಲ್ಲಿ, ಕೀಲಿಯಲ್ಲಿ, ಕಟ್ಟಳೆಯಲ್ಲಿತ್ತು. ಎರಡಕ್ಕೂ ಘರ್ಷಣೆಯಾದಾಗ ಸಮಾಜ ಕಟ್ಟಳೆಯ ದೇವರನ್ನೇ ಅನುಸರಿಸಿತು. ಆದುದರಿಂದ ಒಂದು ಸಮಾಜ ದೇವರನ್ನು ನಿಜವಾಗಿ ಹೇಗೆ ಭಾವಿಸುತ್ತದೆಂದು ತಿಳಿಯಲು ಅದರ ಹಾಡು ಕೇಳಿದರೆ ಸಾಲದು, ಅದರ ಬಾಗಿಲನ್ನೂ ನೋಡಬೇಕು.

ನಮ್ಮ ಮನೆಯ ಮಾತನ್ನೂ ಆಡೋಣ. ಶ್ರೀ ವ್ಯಾಸರಾಜರು ಶಿಷ್ಯರಿಗೆ ಬಾಳೆಹಣ್ಣು ಕೊಟ್ಟು ಯಾರೂ ಕಾಣದ ಕಡೆ ತಿಂದು ಬನ್ನಿ ಎಂದ ಕಥೆ ಎಲ್ಲರಿಗೂ ತಿಳಿದದ್ದೇ. ದೇವರು ಸರ್ವವ್ಯಾಪಿ ಎಂಬ ಪಾಠ ಎಲ್ಲ ಶಿಷ್ಯರಿಗೂ ಕಂಠಸ್ಥವಾಗಿತ್ತು. ಹಣ್ಣನ್ನು ಮರಳಿ ತಂದವರು ಕನಕದಾಸರೊಬ್ಬರೇ. ದೇವರನ್ನು ಪಾಠದಲ್ಲಿ ಒಪ್ಪುವುದಕ್ಕೂ ಬದುಕಿನಲ್ಲಿ ಭಾವಿಸುವುದಕ್ಕೂ ಇರುವ ಅಂತರ ಅಷ್ಟೇ. ಉಡುಪಿಯ ಕನಕನ ಕಿಂಡಿಯ ಐತಿಹ್ಯವೂ ಇದನ್ನೇ ಸಾರುತ್ತದೆ: ಬಾಗಿಲಲ್ಲಿ ನಿಂತ ಜನ ತಡೆದರು, ಒಳಗಿದ್ದ ಕೃಷ್ಣ ತಿರುಗಿ ನೋಡಿದ.

ನಮ್ಮ ಸಿದ್ಧಾಂತದಲ್ಲಿ ತಾರತಮ್ಯವಿದೆಯಲ್ಲವೆ ಎಂದು ಕೆಲವರು ಕೇಳಬಹುದು. ಇದೆ, ನಿಸ್ಸಂಶಯವಾಗಿ ಇದೆ. ಆದರೆ ನಾನು ತಿಳಿದಂತೆ ಅದು ಜೀವದ ಸ್ವರೂಪಯೋಗ್ಯತೆಗೆ ಸಂಬಂಧಿಸಿದ್ದು. ಆ ಯೋಗ್ಯತೆಯನ್ನು ಬಲ್ಲವನು ಭಗವಂತ. ಕುಲ, ವೇಷ, ವೇತನಗಳನ್ನು ನೋಡಿ ನಾವು ಅಳೆಯುವಂತಹುದಲ್ಲ. ಕನಕದಾಸರು ಯಮಧರ್ಮರಾಜನ ಅಂಶಸಂಭೂತರೆಂದು ದಾಸಪರಂಪರೆಯ ನಂಬಿಕೆ. ಹಾಗಿದ್ದಲ್ಲಿ ಅವರನ್ನು ಕುಲದ ಹೆಸರಿನಿಂದ ಹಳಿದವರಿಗಿಂತ, ತಾರತಮ್ಯದ ಲೆಕ್ಕದಲ್ಲಿಯೇ, ಅವರು ಎಷ್ಟು ಎತ್ತರದವರು! ತಾರತಮ್ಯಜ್ಞಾನದಿಂದ ಹುಟ್ಟಬೇಕಾದದ್ದು ವಿನಯ. ನನ್ನೆದುರು ನೆಲ ಗುಡಿಸುತ್ತಿರುವ ತಾಯಿಯ ಜೀವ ನನಗಿಂತ ಎಷ್ಟು ಮೇಲಿನದೋ ಎಂಬ ಸಂಕೋಚ ಅದರಿಂದ ಹುಟ್ಟಬೇಕು.

ಪ್ರತಿಮೆಯ ವಿಷಯದಲ್ಲಿಯೂ ನಮ್ಮ ಹಿರಿಯರು ಎಚ್ಚರ ಹೇಳಿದ್ದಾರೆ. ಶಿಲೆಯೇ ದೇವರಲ್ಲ, ಶಿಲೆಯಲ್ಲಿ ಸನ್ನಿಹಿತನಾದವನು ದೇವರು. ಅದೇ ಭಗವಂತ ಪ್ರತಿಯೊಂದು ಜೀವದಲ್ಲಿ ಬಿಂಬರೂಪಿಯಾಗಿ, ಅಂತರ್ಯಾಮಿಯಾಗಿ ಇದ್ದಾನೆ. ಗರ್ಭಗುಡಿಯ ಪ್ರತಿಮೆ ನಿಂತಲ್ಲೇ ಇರುತ್ತದೆ. ಈ ಪ್ರತಿಮೆಗಳು ನಡೆದಾಡುತ್ತವೆ, ಹಸಿಯುತ್ತವೆ, ದಣಿಯುತ್ತವೆ. ಜನಸೇವೆಯು ಭಗವಂತನಿಗೆ ಸಲ್ಲಬೇಕಾದ ಕಂದಾಯವೆಂಬ ಆಚಾರ್ಯರ ಅಭಿಪ್ರಾಯವನ್ನು ವಿದ್ವಾಂಸರ ಬಾಯಲ್ಲಿ ನಾವೆಲ್ಲ ಕೇಳಿದ್ದೇವೆ. ಕಂದಾಯವೆಂದರೆ ದಾನವಲ್ಲ, ಕೊಟ್ಟು ಬೀಗುವಂತಿಲ್ಲ, ಕೊಡದಿದ್ದರೆ ಬಾಕಿ.

ಆದುದರಿಂದ ನನ್ನದೊಂದು ವಿನಂತಿ. ಮಹಾನಗರಗಳ ನಮ್ಮ ಉತ್ಸವಗಳಲ್ಲಿ ಸಾಮಾನ್ಯವಾಗಿ ಕಾಣುವ ನೋಟವಿದು: ಪಾತ್ರೆ ತೊಳೆಯುವವರು, ಅಂಗಳ ಗುಡಿಸುವವರು, ರಾತ್ರಿಯೆಲ್ಲ ಕಾವಲಿದ್ದವರು ಎಲ್ಲರ ಊಟವಾದ ಮೇಲೆ, ಉಳಿದದ್ದನ್ನು ಡಬ್ಬಿಗೆ ಹಾಕಿಸಿಕೊಂಡು, ಹಿಂಬಾಗಿಲಿನಿಂದ ಹೋಗುತ್ತಾರೆ. ನಮ್ಮ ಮನಸ್ಸು ಕೆಟ್ಟದ್ದೆಂದು ಇದರ ಅರ್ಥವಲ್ಲ. ನೂಕುನುಗ್ಗಲಿನಲ್ಲಿ ಯಾರೂ ಯೋಚಿಸಿರುವುದಿಲ್ಲ. ಮುಂದಿನ ಆರಾಧನೆಯಲ್ಲಿ ಅವರಿಗಾಗಿಯೇ ಸಾಲುಹಾಕಿ ಎಲೆ ಹಾಸಿ, ಬಿಸಿ ಅನ್ನ, ಸಾರು, ಪಾಯಸಗಳನ್ನು ನಾವು ಬಡಿಸೋಣ. ‘ಇನ್ನಷ್ಟು ಹಾಕಲೇನಮ್ಮ’ ಎಂದು ನಮ್ಮ ಮಕ್ಕಳು ಕೇಳಲಿ. ಇದಕ್ಕೆ ಯಾವ ಶಾಸ್ತ್ರದ ಅಡ್ಡಿಯೂ ನನಗೆ ತೋರದು. ಹೆಚ್ಚಿನ ಖರ್ಚೂ ಇಲ್ಲ. ಬೇಕಾದದ್ದು ಒಂದು ಗಂಟೆಯ ಸಮಯ, ನಾಲ್ಕು ಜನರ ಬಡಿಸುವ ಕೈ.

ಅನ್ಯಪ್ರಾಂತದಲ್ಲಿ ಬೆಳೆಯುತ್ತಿರುವ ನಮ್ಮ ಮೊಮ್ಮಕ್ಕಳಿಗೆ ಕನ್ನಡದ ಕೀರ್ತನೆಗಳ ಎಲ್ಲ ಮಾತೂ ಅರ್ಥವಾಗಲಾರದು. ಅವರು ನಮ್ಮ ಕೈಗಳನ್ನು ನೋಡುತ್ತಾರೆ. ತಾತ ಯಾರಿಗೆ ಮಣೆ ಹಾಕುತ್ತಾರೆ, ಅಜ್ಜಿ ಯಾರನ್ನು ಹೊಸ್ತಿಲಲ್ಲೇ ನಿಲ್ಲಿಸುತ್ತಾರೆ ಎಂಬುದರಿಂದ ಅವರು ನಮ್ಮ ದೇವರನ್ನು ಭಾವಿಸಿಕೊಳ್ಳುತ್ತಾರೆ. ಆ ಭಾವನೆ ಸುಂದರವಾಗಿರುವಂತೆ ನಡೆದುಕೊಳ್ಳುವ ಹೊಣೆ ನಮ್ಮ ತಲೆಮಾರಿನದು.

 ಇಟ್ಟಿಗೆಯ ಮೇಲೆ ನಿಂತು ಕಾಯುತ್ತಿರುವ ಸ್ವಾಮಿ ನಮ್ಮೆಲ್ಲರಿಗೂ ಸದ್ಬುದ್ಧಿಯನ್ನು ಕರುಣಿಸಲಿ.

॥ ಶ್ರೀಕೃಷ್ಣಾರ್ಪಣಮಸ್ತು ॥